ಗವಿಸಿದ್ದೇಶನ ಬಂಗಾರದ ಜಾಲರಿ

ಮಗುವಿನ ಬಾಯಿಗೆ ಇಡುವ ಪ್ರತಿ ತುತ್ತನ್ನೂ ಶೀಲಾ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಏನು ಹುಡುಕುತ್ತೀ ಎಂದು ಗಂಡ ಕೇಳಿದರೆ "ಕಲ್ಲು" ಅನ್ನುತ್ತಿದ್ದಳು. ಕಲ್ಲಲ್ಲ, ಅವಳು ಹುಡುಕುತ್ತಿದ್ದುದು ಬಂಗಾರದ ಬಣ್ಣದ ಚೂರನ್ನು. ಅಂಥ ಚೂರು ಅನ್ನದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣಿಗೆ ಕಾಣದ್ದನ್ನು ಒತ್ತಿ ಅಳೆಯುವುದೇ ಅವಳ ನೌಕರಿ. ಗೊತ್ತಿದ್ದೂ ಹುಡುಕುತ್ತಿದ್ದಳು. ಒಂದೂವರೆ ವರ್ಷದ ಪಾಪು ಬಾಯಿ ತೆರೆದು ಕಾಯ್ದು ಕಾಯ್ದು, ಕಡೆಗೆ ತಾಯಿಯ ಮೊಣಕೈ ಹಿಡಿದು ಜಗ್ಗುತ್ತಿತ್ತು.

"ಕೂಸಿಗೆ ಉಣ್ಣಸ್ತೀಯೋ, ಮುತ್ತು ಆರಸ್ತೀಯೋ?" ಎಂದು ಗಂಡ ದೊಡ್ಡಬಸವರಾಜ ಪೇಪರಿನ ಹಿಂದಿನಿಂದ ಕೇಳುತ್ತಿದ್ದ. ಅವನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು; ಮನೆಯಲ್ಲಿ ಯಾವ ಪ್ರಶ್ನೆಗೂ ಉತ್ತರಕ್ಕೆ ಕಾಯುವ ಅಭ್ಯಾಸ ಅವನಿಗಿರಲಿಲ್ಲ.

ಈ ಚಿಂತೆಯನ್ನು ಮನೆಯೊಳಗೆ ತಂದು ಬಿಟ್ಟವನು ಅವನ ಅಣ್ಣ ಗವಿಸಿದ್ದೇಶ.

ಗವಿಸಿದ್ದೇಶ ಕುರುಗೋಡಿನವನು. ಓದಿದ್ದು ಬಳ್ಳಾರಿಯಲ್ಲಿ, ಅರ್ಧ. ಉಳಿದರ್ಧ ಏನಾಯಿತೆಂದು ಕೇಳಿದವರಿಗೆ "ಬಿಸ್ನೆಸ್ ಕರೀತು" ಎನ್ನುತ್ತಿದ್ದ; ಬಿಸ್ನೆಸ್ಸು ಬಂದು ಬಾಗಿಲು ಬಡಿದದ್ದನ್ನು ಕಂಡವರು ಯಾರೂ ಇರಲಿಲ್ಲ. ಮೊದಲು ಜೀನ್ಸ್ ಹೊಲಿಸಿದ. ಬಳ್ಳಾರಿಯಲ್ಲಿ ಓಣಿಗೊಬ್ಬರು ಜೀನ್ಸ್ ಹೊಲಿಸಿ ಬದುಕುತ್ತಾರೆ. ಇವನು ಹೊಲಿಗೆಯ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಹಿಂದಿನ ಜೇಬಿನ ಮೇಲೆ ತೊಗಲಿನ ಹುಲಿಯೊಂದನ್ನು ಅಂಟಿಸುವುದರಲ್ಲೇ ಇಡೀ ಬುದ್ಧಿ ಖರ್ಚು ಮಾಡಿದ. ನಾಲ್ಕು ಒಗೆತಕ್ಕೆ ಪ್ಯಾಂಟು ಹರಿಯಿತು, ಹುಲಿ ಉಳಿಯಿತು. ಆಮೇಲೆ ನೀರಿನ ಕ್ಯಾನು. ಕ್ಯಾನಿಗೆ ಹಿಮಾಲಯದ ಚಿತ್ರ ಬರೆಸಿದ, ನೀರನ್ನು ಮಾತ್ರ ಪಕ್ಕದ ಬೋರ್‌ವೆಲ್ಲಿನಿಂದಲೇ ಹಿಡಿದ. ಅದೂ ನಿಂತ ಮೇಲೆ ಬಿಳಿ ಅಂಗಿ ತೊಟ್ಟು ಕನ್ಸಲ್ಟೆಂಟ್ ಆದ. ಯಾವುದಕ್ಕೆ ಎಂದು ಕೇಳಿದರೆ ಕೇಳಿದವರದೇ ತಪ್ಪು ಎಂಬಂತೆ ನೋಡುತ್ತಿದ್ದ.

ಹೀಗಿರುವಾಗ ಹೈದರಾಬಾದಿನ ಒಂದು ಯಂತ್ರಮೇಳದಲ್ಲಿ ಅವನಿಗೆ ಬಂಗಾರದ ಬಣ್ಣದ ಡ್ರಿಲ್ ಮೊನೆಗಳು ಕಂಡವು. ಉಕ್ಕಿನ ಮೇಲೆ ಟೈಟಾನಿಯಂ ನೈಟ್ರೈಡ್ ಎಂಬ ಸೆರಾಮಿಕ್ಕಿನ ಪೊರೆ. ಅಲ್ಲಿಯವರೆಗೆ ಅವನಿಗೆ ಸೆರಾಮಿಕ್ ಎಂದರೆ ಬಚ್ಚಲಿಗೆ ಹಾಸುವ ಟೈಲ್ಸು. ವಾಪಸು ಬರುವ ಬಸ್ಸಿನಲ್ಲೇ ಅವನು ಸೆರಾಮಿಕ್ ಪಂಡಿತನಾದ. ಸಿರುಗುಪ್ಪದ ರೈಸ್‌ಮಿಲ್ಲುಗಳಲ್ಲಿ ಅಕ್ಕಿಯನ್ನು ಉಜ್ಜಿ ಬೆಳ್ಳಗೆ ಮಾಡುವ ಪಾಲಿಶ್ ಯಂತ್ರವಿರುತ್ತದಲ್ಲ, ಅದರೊಳಗೆ ಉದ್ದುದ್ದ ತೂತಿನ ಕಬ್ಬಿಣದ ಜಾಲರಿ ಇರುತ್ತದೆ. ಅಕ್ಕಿ ಅದಕ್ಕೆ ಉಜ್ಜಿ ಉಜ್ಜಿ ಜಾಲರಿ ಬೇಗ ಸವೆಯುತ್ತದೆ. ಅದಕ್ಕೇ ಹೈದರಾಬಾದಿನಲ್ಲಿ ಬಂಗಾರದ ಪೊರೆ ಹಿಡಿಸಿಕೊಂಡು ಬಂದು ಮಾರಿದರೆ? ಸವೆಯುವುದೇ ಇಲ್ಲ! ಹೆಸರೂ ಹೊಳೆಯಿತು: ಗವಿ ಗೋಲ್ಡ್ ಕೋಟ್.

"ನೋಡವಾ ಶೀಲಾ, ನಿನ್ನ ಮಿಶಿನ್ನಿನಾಗ ಇದನ್ನ ಒಂದೀಟು ಒತ್ತಿ ನೋಡು. ಮನಿ ಹುಡುಗಿ ಅದೀ, ಪುಕ್ಕಟೆ ಮಾಡ್ತೀ ಅಂತ ಬಂದೀನಿ" ಎಂದು ಅವನು ಬೆರಳಗಲದ ಹೊಳೆಯುವ ಒಂದು ತುಂಡನ್ನು ಮೇಜಿನ ಮೇಲಿಟ್ಟಿದ್ದ.

ಶೀಲಾ ಕೆಲಸ ಮಾಡುತ್ತಿದ್ದುದು ಬಳ್ಳಾರಿ ನಗರದ ಒಂದು ಎಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ಕೇಂದ್ರದಲ್ಲಿ. ಅಲ್ಲಿ, ಅದಿರಿನ ಲಾರಿಗಳ ನಡುಕ ಮುಟ್ಟದಿರಲೆಂದು ಹಿಂದಿನ ಮೂಲೆಯ ಕೋಣೆಯಲ್ಲಿ, ಗಾಳಿಯ ದಿಂಬಿನಂಥ ಮೇಜಿನ ಮೇಲೆ ಒಂದು ಯಂತ್ರ ಕೂತಿತ್ತು. ಅದರ ತುದಿಯಲ್ಲಿ ಮೂರು ಮುಖದ ವಜ್ರದ ಮೊನೆ. ಅದು ಇಳಿದು, ವಸ್ತುವನ್ನು ಮೆಲ್ಲಗೆ ಒತ್ತಿ, ಮತ್ತೆ ಮೇಲೇಳುತ್ತದೆ. ಎಷ್ಟು ಭಾರಕ್ಕೆ ಎಷ್ಟು ಆಳ ಇಳಿಯಿತು ಎಂಬ ಗೆರೆ ಪರದೆಯ ಮೇಲೆ ಮೂಡುತ್ತದೆ. ಒತ್ತುವಾಗ ಗೆರೆ ಹತ್ತುವ ದಾರಿ ಒಂದು, ಬಿಡುವಾಗ ಇಳಿಯುವ ದಾರಿ ಒಂದು. ಎರಡರ ನಡುವಿನ ಅಂತರದಲ್ಲಿ ವಸ್ತು ಎಷ್ಟು ಬಗ್ಗಿತು, ಎಷ್ಟು ಮರಳಿ ನೆಟ್ಟಗಾಯಿತು ಎಂಬುದೆಲ್ಲ ತಿಳಿಯುತ್ತದೆ. ಯಾರಾದರೂ ಬಾಗಿಲು ದಬ್ಬಿದರೂ ಗೆರೆ ನಡುಗುತ್ತಿತ್ತು. ಜೋರಾಗಿ ಉಸಿರಾಡಲೂ ಹೆದರುವ ಶೀಲಾಗೆ ಆ ಯಂತ್ರ ಹೇಳಿ ಮಾಡಿಸಿದಂತಿತ್ತು.

ಈ ಕಸುಬಿನಲ್ಲಿ ಒಂದು ಕಟ್ಟುಪಾಡುಂಟು. ಪೊರೆಯ ಗಟ್ಟಿತನ ಬೇಕೆಂದರೆ ಅದರ ದಪ್ಪದ ಹತ್ತನೆಯ ಒಂದು ಪಾಲಿಗಿಂತ ಆಳ ಒತ್ತಬಾರದು. ಒತ್ತಿದರೆ ಕೆಳಗಿನ ಲೋಹದ ಗುಣವೂ ಬೆರೆತುಹೋಗುತ್ತದೆ. ಗವಿಸಿದ್ದೇಶನ ಪೊರೆಯ ದಪ್ಪವೆಂದರೆ ಒಂದು ತಲೆಗೂದಲನ್ನು ಉದ್ದಕ್ಕೆ ಮೂವತ್ತು ಸೀಳು ಮಾಡಿದರೆ ಅದರಲ್ಲೊಂದು ಸೀಳಿನಷ್ಟು. ಅದರಲ್ಲೂ ಹತ್ತನೇ ಒಂದು ಪಾಲು. ಶೀಲಾ ಕಟ್ಟುಪಾಡಿನಂತೆ ಒತ್ತಿದಳು. ಗಟ್ಟಿತನ ಇಪ್ಪತ್ತೆರಡು ಗೀಗಾ ಪ್ಯಾಸ್ಕಲ್ ಬಂತು; ಸಾದಾ ಕಬ್ಬಿಣದ ಹತ್ತು ಪಟ್ಟಿಗೂ ಮೇಲೆ. "ಭಾವಾರ, ಇದು ಈ ತುಂಡಿನ ಮಾತು. ಈ ತುಂಡು ಹದ ಹಾಕಿದ ಗಟ್ಟಿ ಉಕ್ಕು. ನಿಮ್ಮ ಜಾಲರಿ ಮೆತ್ತನ್ನ ಕಬ್ಬಿಣ. ಜಾಲರಿ ತುಂಡನ್ನೇ ತರ್ರಿ, ನೋಡೋಣು" ಎಂದೂ ಹೇಳಿದಳು.

ಗವಿಸಿದ್ದೇಶನ ಕಿವಿಗೆ ಬಿದ್ದದ್ದು ಇಪ್ಪತ್ತೆರಡು ಮಾತ್ರ. "ಗೀಗಾ!" ಎಂದು ಅವನು ಕಣ್ಣು ಮುಚ್ಚಿ ಅಂದ ರೀತಿಗೆ ಪಕ್ಕದಲ್ಲಿದ್ದವರು ಕೈ ಮುಗಿಯಬೇಕಿತ್ತು. ವಾರದೊಳಗೆ ಆ ಸಂಖ್ಯೆ ಫ್ಲೆಕ್ಸ್ ಆಗಿ, ಅವನದೇ ನಗುವ ಮುಖದ ಪಕ್ಕ, ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಎದುರಿಗೆ ನೇತಾಡಿತು.

ಮೊದಲ ಗಿರಾಕಿ ಮರಿಬಸಪ್ಪ, ಶೀಲಾಳ ಅತ್ತೆಯ ತಮ್ಮ. ಸಿರುಗುಪ್ಪದಲ್ಲಿ ಅವನ ರೈಸ್‌ಮಿಲ್ಲು. ಶೀಲಾಳ ಮದುವೆಗೆ ಮುಂದೆ ನಿಂತು ಮಾತಾಡಿದವನೂ ಅವನೇ. ಒಂದು ಪಾಲಿಶ್ ಯಂತ್ರಕ್ಕೆ ಬಂಗಾರದ ಜಾಲರಿ ಕೂಡಿಸುವ ದಿನ ಪೂಜೆ, ಊಟ, ಎಲ್ಲ ಇಟ್ಟಿದ್ದ. ಗವಿಸಿದ್ದೇಶ ಜಾಲರಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೊಳೆಯಿಂದ ಅದರ ಮೇಲೆ ಗೀರಿದ. ಗೀರು ಬೀಳಲಿಲ್ಲ. ಹಮಾಲರು ಸಹ ಚಪ್ಪಾಳೆ ತಟ್ಟಿದರು.

"ಗೀರೋದಲ್ರಿ ಭಾವಾರ, ಒತ್ತಬೇಕು" ಎಂದು ಶೀಲಾ ಪಾಪುವನ್ನು ಸೊಂಟದ ಮೇಲೆ ಸರಿಸಿಕೊಳ್ಳುತ್ತ ಅಂದಳು. "ಅಕ್ಕಿ ಜೋಡಿ ಮರಳಿನ ಕಾಳು ಬಂದು ಒತ್ತಿದ್ರ ಕೆಳಗಿನ ಕಬ್ಬಿಣ ತಗ್ಗತೈತಿ. ಪೊರೆ ತಗ್ಗಂಗಿಲ್ಲ, ಮುರೀತೈತಿ."

ಹಮಾಲರು ಮರಿಬಸಪ್ಪನ ಮುಖ ನೋಡಿದರು. ಆಮೇಲೆ ಗವಿಸಿದ್ದೇಶ ನಕ್ಕ. "ಮಾವಾ, ನಮ್ಮ ಶೀಲಾ ಅಂದ್ರ ಹಂಗ. ಹೋದ ಸಲ ಕೂಸಿನ ಪ್ಲಾಸ್ಟಿಕ್ ಬಾಟಲಿ ಅಂದ್ಲು. ಅದರ ಹಿಂದಿನ ಸಲ ಅವ್ವನ ಉಪ್ಪಿನಕಾಯಿ ಭರಣಿ ಅಂದ್ಲು. ಪೂರಾ ಭರಣಿ ತಿಪ್ಪಿಗೆ ಹಾಕ್ಸಿದ್ಲು!"

ಮಿಲ್ಲೆಲ್ಲ ನಗು. ಶೀಲಾಳಿಗೆ ಕಿವಿ ಬಿಸಿಯಾಯಿತು. ಭರಣಿಯ ಸಂಗತಿ ನಿಜವೇ. ಬರೀ ಉಪ್ಪು ಕಟ್ಟಿದ್ದನ್ನು ಅವಳು ಬೂಷ್ಟು ಎಂದಿದ್ದಳು. ಅಂದಿನಿಂದ ಮನೆಯಲ್ಲಿ ಅವಳ ಹೆದರಿಕೆಗಳೆಲ್ಲ ಒಂದೇ ಭರಣಿಗೆ ಬೀಳುತ್ತಿದ್ದವು. ಮರಿಬಸಪ್ಪನೂ ಮೀಸೆಯಡಿ ನಗುತ್ತ, "ನೀ ಉಣ್ಣು ಹೋಗವಾ, ಕೂಸಿಗೆ ಹಾಲು ಕುಡಸ್ತೀಯಲ್ಲ" ಎಂದ. ಅವಳು ಹೋಗಿ ಉಂಡಳು. ಮನೆಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಬಂಗಾರದ ಜಾಲರಿಯ ಮೊದಲ ಅಕ್ಕಿಯ ಚೀಲವಿತ್ತು. ಅದೇ ಅಕ್ಕಿ ದಿನಾ ಪಾಪುವಿನ ತಟ್ಟೆಗೆ ಬಂತು. ಖಾಲಿಯಾದ ಹಾಗೆ ಗವಿಸಿದ್ದೇಶ ಇನ್ನೊಂದು ಚೀಲ ತಂದು ಹಾಕುತ್ತಿದ್ದ.

ಕೆಲವು ತಿಂಗಳಾದ ಮೇಲೆ ಅವಳು ಕುರುಗೋಡಿಗೆ ಹೋದಾಗ ದೇವರ ಮನೆಯಲ್ಲಿ ಹೊಸ ಪ್ರಭಾವಳಿ ಕಂಡಿತು. ಅತ್ತೆ ಚನ್ನವೀರಮ್ಮ, ಬಸವಣ್ಣನ ಮೂರ್ತಿಯ ಹಿಂದೆ, ಮಿಲ್ಲಿನ ಜಾಲರಿಯನ್ನೇ ಕಮಾನಿನಂತೆ ನಿಲ್ಲಿಸಿ, ಚೆಂಡುಹೂವು ಸಿಕ್ಕಿಸಿದ್ದಳು.

"ಎಲ್ಲಿಂದ ಬಂತ್ರಿ ಅತ್ತಿ ಇದು?"

"ಗವಿ ತಂದ. ಫ್ರೀ ಸರ್ವೀಸ್ ಅಂತ ಮಾಡ್ತಾನಲ್ಲ, ಹಳೇದು ತಗದು ಹೊಸಾದು ಹಾಕಿ ಬಂದ. ಬಂಗಾರದಂಗೈತಿ, ಗುಜರಿಗೆ ಯಾಕ ಹಾಕಬೇಕು? ಬಸವಣ್ಣಗ ಒಪ್ಪೈತಿ ನೋಡು."

ಬಾಳಿಕೆ ಮೂರು ಪಟ್ಟು ಎಂದು ಫ್ಲೆಕ್ಸಿನಲ್ಲಿ ಬರೆಸಿದ ಮಾಲು ಅಷ್ಟು ಬೇಗ ಬಸವಣ್ಣನ ಬೆನ್ನಿಗೆ ಬಂದಿತ್ತು. ಶೀಲಾ ದೀಪ ಹತ್ತಿರ ಸರಿಸಿದಳು. ಅಂಚಿನಲ್ಲಿ ಬಂಗಾರ ಮಿರಿಮಿರಿ ಮಿಂಚುತ್ತಿತ್ತು. ಒಳಗಡೆ, ತೂತುಗಳ ಸುತ್ತ, ಕಬ್ಬಿಣ ಕಪ್ಪಗೆ ಬತ್ತಲಾಗಿ, ಬಾಚಿ ತೆಗೆದಂತೆ ಗೀರುಗೀರಾಗಿತ್ತು. ಒಂದು ಕಡೆ ಎರಡು ತೂತುಗಳ ನಡುವಿನ ಪಟ್ಟಿ ಸವೆದು ಹರಿದು, ನಾಲಿಗೆಯಂತೆ ಜೋತಿತ್ತು.

"ಇಲ್ಲಿದ್ದ ಬಂಗಾರ ಎಲ್ಲಿ ಹೋತ್ರಿ ಅತ್ತಿ?"

"ಅಕ್ಕಿ ತಿಂದಿರಬೇಕು ಬಿಡು" ಎಂದು ಚನ್ನವೀರಮ್ಮ ಊದುಬತ್ತಿ ಹಚ್ಚಿದಳು.

ಅಕ್ಕಿ ತಿಂದಿತ್ತು, ಅಕ್ಕಿಯನ್ನು ಪಾಪು ತಿಂದಿತ್ತು. ಶೀಲಾ ಅಲ್ಲೇ ಕೂತುಬಿಟ್ಟಳು. ಗವಿಸಿದ್ದೇಶ ಮೋಸಗಾರನಾಗಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೋಸ ಮಾಡುವವನು ಕೂಡ ಮಾಲನ್ನು ಒಮ್ಮೆ ತಿರುಗಿಸಿ ನೋಡಬೇಕಾಗುತ್ತದೆ. ಈ ಮಹಾನುಭಾವ ಹಳೆಯ ಜಾಲರಿಯನ್ನು ತೆಗೆದು, ಹೊಳೆಯುವ ಅಂಚಷ್ಟೇ ನೋಡಿ, ತಾಯಿಗೆ ಉಡುಗೊರೆ ಕೊಟ್ಟು, ಪುಣ್ಯವನ್ನೂ ಕಟ್ಟಿಕೊಂಡು ಹೋಗಿದ್ದ.

ಅತ್ತೆ ಹಾಲು ಕಾಸಲು ಒಳಗೆ ಹೋದಾಗ ಶೀಲಾ ಆ ಜೋತುಬಿದ್ದ ಪಟ್ಟಿಯನ್ನು ಹಿಡಿದು, ಬಂಗಾರ ಉಳಿದಿದ್ದ ಅಂಚಿನ ಸಮೇತ ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ಮುರಿದು, ಪಾಪುವಿನ ಜೊಲ್ಲುಬಟ್ಟೆಯಲ್ಲಿ ಸುತ್ತಿಕೊಂಡಳು. ಸಂಜೆ ಮಂಗಳಾರತಿಯ ಹೊತ್ತಿಗೆ ಚನ್ನವೀರಮ್ಮ ಕಣ್ಣು ಕಿರಿದು ಮಾಡಿದಳು. "ಏನಿದು, ಪ್ರಭಾವಳಿ ಹಲ್ಲು ಬಿದ್ದಂಗಾಗೈತಿ! ಕಬ್ಬಿಣ ಕಡಿಯೋ ಇಲಿ ಯಾವೂರದವಾ?" ಶೀಲಾ ಗಂಟೆ ಬಾರಿಸುವುದರಲ್ಲಿ ಬಹಳ ಭಕ್ತಿ ತೋರಿಸಿದಳು.

ಬಳ್ಳಾರಿಗೆ ಬಂದು, ಅಂಚಿನ ಬಂಗಾರದ ಮೇಲೆ ವಜ್ರದ ಮೊನೆ ಇಳಿಸಿದಳು. ಮೊದಲು ಕಟ್ಟುಪಾಡಿನಷ್ಟು. ಸುಮಾರು ಇಪ್ಪತ್ತೆರಡೇ ಬಂತು; ಹೈದರಾಬಾದಿನವರು ತಮ್ಮ ಕೆಲಸ ಸರಿಯಾಗೇ ಮಾಡಿದ್ದರು. ಆಮೇಲೆ ಕಟ್ಟುಪಾಡು ಬಿಟ್ಟು ಆಳ ಒತ್ತಿದಳು. ಗೆರೆ ನುಣ್ಣಗೆ ಏರುತ್ತಿದ್ದದ್ದು ಒಮ್ಮೆಲೇ ಮೆಟ್ಟಿಲು ತಪ್ಪಿದಂತೆ ಪಕ್ಕಕ್ಕೆ ಜಿಗಿಯಿತು. ಮತ್ತೆ ಏರಿತು, ಮತ್ತೆ ಜಿಗಿಯಿತು. ಮೊನೆ ಒಳಗೆ ಕುಸಿದು ಬಿದ್ದ ಗುರುತು ಅದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಳಿಯ ಸುತ್ತ ಬಳೆಯಂಥ ಬಿರುಕುಗಳು, ಒಂದರ ಹೊರಗೆ ಒಂದು.

ಕಾಲುವೆ ನೀರು ನಿಲ್ಲಿಸಿದ ಮೇಲೆ ಭತ್ತದ ಗದ್ದೆಯಲ್ಲಿ ಮೇಲಿನ ಕೆಸರು ಒಣಗಿ ಹಪ್ಪಳ ಕಟ್ಟುತ್ತದೆ, ಕೆಳಗೆ ಇನ್ನೂ ರಾಡಿ ಇರುತ್ತದೆ. ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವಷ್ಟು ಗಟ್ಟಿ. ಕಾಲಿಟ್ಟರೆ ರಾಡಿ ತಗ್ಗುತ್ತದೆ, ಹಪ್ಪಳಕ್ಕೆ ತಗ್ಗಲು ಬರುವುದಿಲ್ಲ, ಹೆಜ್ಜೆಯ ಸುತ್ತ ಚಕ್ಕೆ ಏಳುತ್ತದೆ. ಇದೂ ಅದೇ. ಅದಕ್ಕಿಂತ ಕೆಟ್ಟದ್ದೆಂದರೆ, ಎದ್ದ ಚಕ್ಕೆ ಕಬ್ಬಿಣಕ್ಕಿಂತ ಗಟ್ಟಿ. ಅದು ಅಕ್ಕಿಯ ಜೊತೆ ಉರುಳಿ ಜಾಲರಿಯನ್ನೇ ಕೆರೆದು ಪುಡಿ ಮಾಡುತ್ತದೆ. ಸವೆಯದಿರಲೆಂದು ಹಚ್ಚಿದ್ದು ಬೇಗ ಸವೆಸುತ್ತಿತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಚನ್ನಬಸವರಾಜ ಪರದೆ ನೋಡಿ ತಲೆ ಆಡಿಸಿದರು. "ಮ್ಯಾಡಂ, ಹತ್ತನೇ ಒಂದು ಪಾಲು. ರೂಲು ಮರೆತ್ರೇನು? ಇಷ್ಟು ಆಳ ಒತ್ತಿದ್ರ ಅದು ಪೊರೆ ಗಟ್ಟಿತನ ಅಲ್ಲ."

"ಅಲ್ರಿ ಸರ್. ಆದ್ರ ಭತ್ತದ ಜೋಡಿ ಬಂದ ಮರಳು ನಮ್ಮ ರೂಲು ಓದಿಲ್ಲ. ಅದು ಪೂರಾ ಒತ್ತತೈತಿ."

ಅವರು ಗಲ್ಲ ಕೆರೆದುಕೊಂಡರು. ಮೆಲ್ಲಗೆ ಮುಖ ಅರಳಿತು. ಮಿಲ್ಲು, ಅಕ್ಕಿ, ಮಕ್ಕಳ ಹೊಟ್ಟೆ ನೆನಪಾಗಿ ಅಲ್ಲ. "ಈ ಬಿರುಕು ಛಲೋ ಬಂದಾವು. ಪೇಪರ್ ಮಾಡೋಣ! ನನ್ನ ಹೆಸರು ಮೊದಲು ಹಾಕ್ರಿ, ನಿಮ್ದು ಆಮ್ಯಾಲೆ. ಛಾಪಾಗೋತನಕ ಯಾರಿಗೂ ಬಾಯಿ ಬಿಡಬ್ಯಾಡ್ರಿ." ಛಾಪಾಗಲು ಒಂದು ವರ್ಷ ಬೇಕು, ಅಷ್ಟರಲ್ಲಿ ಸಿರುಗುಪ್ಪದ ಅರ್ಧ ಊರು ಜಾಲರಿಯನ್ನು ಉಂಡು ಮುಗಿಸಿರುತ್ತಿತ್ತು. ಡಾಕ್ಟರರಿಗೆ ಅದೂ ಒಂದು ಎರಡನೇ ಪೇಪರಿಗೆ ಆಗುತ್ತಿತ್ತೇನೋ.

ಮನೆಯಲ್ಲಿ ಹೇಳಿದಳು. ದೊಡ್ಡಬಸವರಾಜ ಈ ಸಲ ಪೇಪರು ಕೆಳಗಿಟ್ಟ. "ಶೀಲಾ, ಅಣ್ಣಗ ಈ ಬಿಸ್ನೆಸ್ ಒಂದರ ಕೈ ಹತ್ತಲಿ. ಮಾವಗ ಫೋನ್ ಗೀನ್ ಮಾಡಿಗೀಡಿ. ಭರಣಿ ಕಥಿ ಇನ್ನಾ ಮರ್ತಿಲ್ಲ ಜನ."

ಅವಳಿಗೆ ತಡೆ ಹಾಕಿದ್ದು ಗಂಡನ ಮಾತಲ್ಲ, ಆ ಭರಣಿಯೇ. ಮರಿಬಸಪ್ಪನ ನಂಬರು ತೆಗೆಯುವಳು, ಮಿಲ್ಲಿನ ನಗು ಕಿವಿಯಲ್ಲಿ ಕೇಳುವುದು, ಫೋನು ಮಗುಚಿಡುವಳು. ಅಂಗಡಿಯಿಂದ ಬೇರೆ ಅಕ್ಕಿ ತಂದು, ಗುಟ್ಟಾಗಿ ಪಾಪುವಿಗಷ್ಟೇ ಬೇಯಿಸತೊಡಗಿದಳು. ಊರವರ ಮಕ್ಕಳು? ಎಂದು ತನ್ನನ್ನೇ ಕೇಳಿಕೊಂಡು, ಆ ಪ್ರಶ್ನೆಗೆ ಅಡುಗೆಮನೆಯ ಬಾಗಿಲು ಹಾಕಿದಳು. ಭಾವನ ಬಗ್ಗೆ, ಡಾಕ್ಟರರ ಬಗ್ಗೆ ಮೂಗು ಮುರಿದಷ್ಟು ಸುಲಭವಾಗಿರಲಿಲ್ಲ ತಾನೇ ಬಾಯಿ ಬಿಡುವುದು. ಅಂಗಡಿಯ ಅನ್ನವನ್ನೂ ಅವಳು ಕಿಟಕಿಗೆ ಹಿಡಿದು ನೋಡುತ್ತಲೇ ಇದ್ದಳು.

ರವಿವಾರ ಬೆಳಿಗ್ಗೆ ಗವಿಸಿದ್ದೇಶ ಬಂದ. ಹೆಗಲ ಮೇಲೆ ಅಕ್ಕಿಯ ಚೀಲ, ಬೆರಳಲ್ಲಿ ಹೊಸ ಉಂಗುರ, ಬಾಯಲ್ಲಿ ಅಡಿಕೆ.

"ಏನ್ ಲೇ ದೊಡ್ಡಾ, ಮಲಗೇ ಅದೀಯೇನು? ಮಾವನ ಮಿಲ್ಲಿನಾಗ ನಾಳಿ ಎಲ್ಲಾ ಪಾಲಿಶರ್‌ಗೂ ನಮ್ಮ ಜಾಲರಿ ಬೀಳತಾವು! ನಾಡದ್ದು ಸಾಲಿ ಮಕ್ಕಳ ಊಟಕ್ಕ ಲೋಡು ಹೊಂಟೈತಿ, ಎಲ್ಲಾ ಗೋಲ್ಡ್ ಪಾಲಿಶ್. ತಗೋ ಶೀಲಾ, ನಮ್ಮ ಪಾಪುಗ."

"ಭಾವಾರ, ಹಳೇ ಜಾಲರಿ ಒಳಗಿನ ಮೈ ನೋಡೀರೇನ್ರಿ?"

"ಏನ್ ನೋಡೂದೈತಿ ಅದರಾಗ? ಸಿರುಗುಪ್ಪದ ಭತ್ತದಾಗ ಮಣ್ಣು ಜಾಸ್ತಿ, ಒಂದೀಟು ಬಣ್ಣ ಮಾಸೈತಿ. ಗಟ್ಟಿ ಇಪ್ಪತ್ತೆರಡು ಐತೆಲ್ಲವಾ, ನೀನ ಹೇಳೀದಿ!" ಎಂದು ಅವನು ಚಹಾ ಬಸಿಗೆ ಸುರಿದುಕೊಂಡ. "ಅಂಜಬುರುಕಿ!"

ಶೀಲಾ ಎದ್ದಳು. ಫ್ರಿಜ್ಜಿನ ಬಾಗಿಲಿಗೆ ಪಾಪು ಅಂಟಿಸಿದ್ದ ಅಯಸ್ಕಾಂತದ ಅಕ್ಷರವೊಂದನ್ನು ಕಿತ್ತು, ತೆಳು ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಅಂಗಡಿಯ ಅಕ್ಕಿ ಪರಾತದಲ್ಲಿ ಸುರಿದು ಅದನ್ನು ಆಡಿಸಿದಳು. ಬಟ್ಟೆ ಬೆಳ್ಳಗೇ ಇತ್ತು. ಚೀಲದ ಬಾಯಿ ಬಿಚ್ಚಿ, ಮಿಲ್ಲಿನ ಅಕ್ಕಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಆಡಿಸಿ ಮೇಲೆತ್ತಿದಳು. ಬಟ್ಟೆಯ ಮೇಲೆ ಎಳೆಯ ಮೀಸೆಯಂತೆ ಕಪ್ಪು ನವಿರು ನಿಂತಿತ್ತು.

"ಏನದು?" ಗಂಡ ಕುರ್ಚಿಯಿಂದ ಎದ್ದ.

"ಜಾಲರಿ" ಎಂದಳು ಶೀಲಾ.

"ಏ, ಚೀಲದ ದೂಳಿರಬೇಕು" ಎಂದ ಗವಿಸಿದ್ದೇಶ. ಈ ಸಲವೂ ಅವನು ಬಗ್ಗಿ ನೋಡಲಿಲ್ಲ.

ದೊಡ್ಡಬಸವರಾಜ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿದ. ಬೆರಳು ಕಪ್ಪಾಯಿತು. ನೆಲದ ಮೇಲೆ ಚೆಲ್ಲಿದ್ದ ಅಕ್ಕಿಯ ಕಡೆಗೆ ತಪ್ಪುಹೆಜ್ಜೆ ಇಡುತ್ತ ಬರುತ್ತಿದ್ದ ಪಾಪುವನ್ನು ಎತ್ತಿಕೊಂಡು ಹಿಂದೆ ಸರಿದು ನಿಂತ.

ಶೀಲಾ ಫೋನು ತೆಗೆದಳು. ಆ ಕಡೆ ಮಿಲ್ಲಿನ ಗದ್ದಲದ ನಡುವೆ ಮರಿಬಸಪ್ಪನ ದನಿ ಬಂತು. "ಏನವಾ ಶೀಲಾ! ಈ ಸಲ ಯಾವ ಭರಣಿ?"

ಹಿಂದೆ ಯಾರೋ ನಕ್ಕದ್ದೂ ಕೇಳಿತು. ಆದರೆ ಈ ಸಲ ಅವಳು ಫೋನು ಮಗುಚಿಡಲಿಲ್ಲ.

"ಮಾವಾರ, ಮಿಲ್ಲಿನಾಗ ಅಯಸ್ಕಾಂತ ಐತೇನ್ರಿ?"

"ಐತಿ, ಭತ್ತ ಸುರಿಯೋ ಕಡೆ. ಯಾಕವಾ?"

"ಅದನ್ನ ಒಂದು ಬಿಳಿ ಬಟ್ಟಿಯಾಗ ಸುತ್ರಿ. ಬಂಗಾರದ ಜಾಲರಿ ಹಾಕೀರಲ್ಲ, ಆ ಪಾಲಿಶರ್ ಬಾಯಿಗೆ ಅಕ್ಕಿ ಬೀಳತೈತಿ ನೋಡ್ರಿ, ಅಲ್ಲಿ ಹಿಡೀರಿ. ನೀವ ಹಿಡೀರಿ, ಮಂದಿ ಕೈಗೆ ಕೊಡಬ್ಯಾಡ್ರಿ. ನಾ ಲೈನಿನಾಗ ಇರ್ತೀನಿ."

"ಈಗೇನು?"

"ಈಗರೀ."

ಮರಿಬಸಪ್ಪ ಗೊಣಗುತ್ತ ನಡೆದದ್ದು ಕೇಳಿತು. ಯಾರಿಗೋ ಬಟ್ಟೆ ತರಲು ಕೂಗಿದ್ದು, ಬೆಲ್ಟುಗಳ ಸದ್ದು, ಅಕ್ಕಿ ಸುರಿಯುವ ಸದ್ದು ಹತ್ತಿರಾದದ್ದು ಕೇಳಿತು. ಗವಿಸಿದ್ದೇಶ ಬಸಿಯನ್ನು ಕೆಳಗಿಡದೆ, ಕುಡಿಯದೆ ಹಿಡಿದುಕೊಂಡಿದ್ದ. ಶೀಲಾ ವಜ್ರದ ಮೊನೆ ಇಳಿಸುವಾಗಿನಂತೆ ಉಸಿರು ಬಿಗಿಹಿಡಿದು ಫೋನನ್ನು ಕಿವಿಗೆ ಒತ್ತಿಕೊಂಡಳು.

ಬಹಳ ಹೊತ್ತು ಬರೀ ಅಕ್ಕಿಯ ಸದ್ದು. ಆಮೇಲೆ, ಫೋನಿನಿಂದ ದೂರದಲ್ಲಿ, ಮರಿಬಸಪ್ಪ ಯಾರಿಗೋ ಒಂದೇ ಮಾತು ಗದರಿದ. ಬೆಲ್ಟುಗಳು ಒಂದೊಂದಾಗಿ ಇಳಿದುಕೊಂಡು, ಮಿಲ್ಲು ಪೂರಾ ನಿಂತಿತು.